ಮುಚ್ಚಿದ್ದ ಎಣ್ಣೆ ವಾಲ್ವ್

2024ರ ಜೂನ್ 18, ಮಂಗಳವಾರ. ಬೆಳಿಗ್ಗೆ 9.10ಕ್ಕೆ ಸ್ವೀಡನ್ನಿನ ಬ್ರೆಡ್‌ಮೊಸ್ಸ ಪೊಲೀಸ್ ಠಾಣೆಗೆ ಮರಿಟ್ ಹೆಡ್‌ಮನ್ ಎಂಬ ನಲವತ್ತರ ಆಸುಪಾಸಿನ ಹೆಂಗಸು ಬಂದಳು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ಮೊಬೈಲ್. ಇನ್‌ಸ್ಪೆಕ್ಟರ್ ಜಾಸ್ಮಿನ್ ಮಥಾಯಸ್ ಎದುರು ಕೂತವಳು ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

"ನನ್ನ ಅಪ್ಪ ಮಾಡದ ತಪ್ಪನ್ನ ಅವರ ತಲೆಗೆ ಕಟ್ಟಿದಾರೆ" ಎಂದಳು.

ಆಕೆಯ ಅಪ್ಪನ ವಿಷಯ ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹತ್ತು ದಿನದ ಹಿಂದೆ, ಜೂನ್ 8ರ ಶನಿವಾರ, ಊರಾಚೆಯ ಹುಲ್ಲುಮೈದಾನದಲ್ಲಿ ಹಳೆ ವಿಮಾನಗಳ ಕ್ಲಬ್ಬಿನ ಬೇಸಿಗೆ ಪ್ರದರ್ಶನವಿತ್ತು. 1917ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ, ಮರದ ಚೌಕಟ್ಟಿಗೆ ಬಟ್ಟೆ ಬಿಗಿದ, ಒಂದರ ಮೇಲೊಂದು ಎರಡು ರೆಕ್ಕೆಗಳಿದ್ದ ವಿಮಾನವನ್ನು ಎಪ್ಪತ್ತಮೂರು ವರ್ಷದ ತೂರೆ ಹೆಡ್‌ಮನ್ ಹಾರಿಸಿದ್ದರು. ಎರಡನೇ ಸುತ್ತಿನಲ್ಲಿ ಎಂಜಿನ್ ಸೀಜ್ ಆಗಿ ನಿಂತುಬಿಟ್ಟಿತು. ನಾನೂರು ಜನ ಕೆಳಗೆ ನಿಂತಿದ್ದರು. ಅವರ ಮೇಲೆ ಬೀಳದ ಹಾಗೆ ಪಕ್ಕದ ಓಟ್ಸ್ ಹೊಲದ ಕಡೆ ತಿರುಗಿಸುವಷ್ಟರಲ್ಲಿ ವಿಮಾನದ ಮೂತಿ ನೆಲಕ್ಕೆ ಕುಟ್ಟಿತು. ತೂರೆಯವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಒಂದು ವಾರದೊಳಗೆ ಕ್ಲಬ್ಬಿನವರು ಪ್ರಕಟಣೆ ಹೊರಡಿಸಿದರು. ಬಿದ್ದ ವಿಮಾನದಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುವ ವಾಲ್ವ್ ಮುಚ್ಚಿತ್ತು. ಹಾರುವ ಮುಂಚೆ ಅದನ್ನು ತೆರೆಯಲು ಪೈಲಟ್ ಮರೆತಿದ್ದಾರೆ ಎಂದು ಅದರ ಸಾರಾಂಶ. ಊರಿನ ಪತ್ರಿಕೆ ಅದನ್ನು ಮೊದಲ ಪುಟದಲ್ಲಿ ಹಾಕಿತು.

ಮರಿಟ್ ಮೊಬೈಲಿನಲ್ಲಿ ಒಂದು ವಿಡಿಯೊ ತೆರೆದಳು. ಹಾರುವ ಎರಡು ನಿಮಿಷ ಮುಂಚೆ ಅವಳೇ ತೆಗೆದದ್ದು. ತೂರೆ ಕಾಕ್‌ಪಿಟ್‌ನಲ್ಲಿ ಕೂತಿದ್ದರು, ಎಂಜಿನ್ ಓಡುತ್ತಿತ್ತು. ಅವರ ಎದುರು ಬೆರಳುದ್ದದ ಒಂದು ಗಾಜಿನ ಬುರುಡೆಯಲ್ಲಿ ಎಣ್ಣೆ ನಾಡಿಯ ಹಾಗೆ ಏರಿಳಿಯುತ್ತಿತ್ತು. ತೂರೆ ಅದನ್ನು ಉಗುರಿನಿಂದ ತಟ್ಟಿ, ಮಗಳ ಕಡೆ ಹೆಬ್ಬೆರಳೆತ್ತಿದರು.

"ವಾಲ್ವ್ ಮುಚ್ಚಿದ್ರೆ ಈ ಎಣ್ಣೆ ಹೀಗೆ ಕುಣಿಯೋದೇ ಇಲ್ಲ. ಚಿಕ್ಕೋಳಿದ್ದಾಗಿಂದ ನೋಡ್ತಿದೀನಿ."

"ನಿಮ್ಮಪ್ಪ ಏನಂತಾರೆ?"

"ವಯಸ್ಸಾಯ್ತು, ಮರೆತಿರಬಹುದು ಅಂತಾರೆ. ಅಷ್ಟು ಬಿಟ್ಟು ಬಾಯೇ ಬಿಡ್ತಿಲ್ಲ."

9.40ಕ್ಕೆ ದೂರು ದಾಖಲಾಯಿತು. ನಮ್ಮ ಎಫ್‌ಐಆರ್‌ಗೆ ಅಲ್ಲಿ ಅನ್‌ಮೇಲನ್ ಎಂದು ಹೆಸರು. ಹೆಸರು ಬೇರೆಯಾದರೂ ಕೇಳುವ ಪ್ರಶ್ನೆಗಳು ಅವೇ. ಚೀಲದಲ್ಲಿ ಏನಿದೆ ಎಂದು ಜಾಸ್ಮಿನ್ ಕೇಳಿದಳು. ಅಪಘಾತದ ದಿನ ಅಪ್ಪ ಹಾಕಿಕೊಂಡಿದ್ದ ಬಟ್ಟೆ, ಆಸ್ಪತ್ರೆಯವರು ವಾಪಸು ಕೊಟ್ಟದ್ದು, ಒಗೆಯಲು ಮನಸ್ಸು ಬರಲಿಲ್ಲ ಎಂದಳು ಮರಿಟ್. ಜಾಸ್ಮಿನ್ ರಸೀದಿ ಬರೆದುಕೊಟ್ಟು ಚೀಲವನ್ನು ಕಪಾಟಿನಲ್ಲಿಟ್ಟಳು.

ಜಾಸ್ಮಿನ್ ಹುಟ್ಟಿದ್ದು ಉಡುಪಿ ಹತ್ತಿರದ ಶಿರ್ವದಲ್ಲಿ. ಒಂಬತ್ತನೇ ಕ್ಲಾಸಿನವರೆಗೆ ಕನ್ನಡ ಶಾಲೆ. ಅಪ್ಪ ವಿನ್ಸೆಂಟ್‌ಗೆ ಗೋಥೆನ್‌ಬರ್ಗ್ ಬಂದರಿನಲ್ಲಿ ಹಡಗಿನ ಎಂಜಿನ್ ರಿಪೇರಿಯ ಕೆಲಸ ಸಿಕ್ಕಾಗ ಅವಳಿಗೆ ಹದಿನೈದು. ಈಗ ನಲವತ್ತಾರು. ಮನೆಯಲ್ಲಿ ಕೊಂಕಣಿ, ಹೊರಗೆ ಸ್ವೀಡಿಷ್. ಕನ್ನಡದಲ್ಲಿ ಬಾಯ್ತುಂಬ ಮಾತಾಡದೆ ಎಷ್ಟೋ ವರ್ಷವಾಗಿತ್ತು. ಅದನ್ನು ಇಲ್ಲಿ ಹೇಳಬೇಕಾದ ಕಾರಣವಿದೆ.

ಅದೇ ದಿನ 11.30ಕ್ಕೆ ಅವಳೂ ಕಾನ್‌ಸ್ಟೆಬಲ್ ಸಿಕ್ಸ್‌ಟೆನ್ ಆಲ್ಮ್‌ನೂ ಕ್ಲಬ್ಬಿನ ಹ್ಯಾಂಗರಿಗೆ ಹೋದರು. ಸಿಕ್ಸ್‌ಟೆನ್ ಅವಳಿಗಿಂತ ಎಂಟು ವರ್ಷ ದೊಡ್ಡವನು, ಇಪ್ಪತ್ತೆಂಟು ವರ್ಷದ ಸರ್ವಿಸ್, ಮಾತು ಕಡಿಮೆ. ಹ್ಯಾಂಗರಿನ ಬಾಗಿಲಲ್ಲಿ ಕ್ಲಬ್ಬಿನ ಎಂಜಿನ್ ಉಸ್ತುವಾರಿಯವನು ಕಾಯುತ್ತಿದ್ದ. ಐವತ್ತೆರಡು ವರ್ಷ, ತೆಳ್ಳಗಿನ ಆಳು, ಹೆಸರು ಪ್ರಭಾಕರ. ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷೆಯ ವಿಭಾಗದಲ್ಲಿ ಎಂಜಿನಿಯರ್. ಸ್ವೀಡಿಷ್‌ನಲ್ಲಿ ನಮಸ್ಕಾರ ಹೇಳಿದವನು ಜಾಸ್ಮಿನ್‌ಳ ಎದೆಯ ಮೇಲಿನ ಹೆಸರು ಓದಿ ತಡೆದ.

"ಮಥಾಯಸ್... ಮಂಗಳೂರಾ, ಮೇಡಂ?"

"ಶಿರ್ವ."

"ನಮ್ದು ದಾವಣಗೆರೆ" ಎಂದ. ಮುಖ ಅರಳಿತು. ಒಳಗೆ ಓಡಿ ಕುರ್ಚಿ ತಂದು ಒರೆಸಿ ಹಾಕಿದ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದ. ಹೆಂಡತಿ ಕೊಟ್ಟುಕಳಿಸಿದ್ದ ಕೋಡುಬಳೆಯ ಡಬ್ಬ ತೆಗೆದ. ಜಾಸ್ಮಿನ್ ಬೇಡವೆನ್ನಲಿಲ್ಲ. ಭಾಷೆ ಅರ್ಥವಾಗದ ಸಿಕ್ಸ್‌ಟೆನ್ ಮುರಿದ ರೆಕ್ಕೆಗಳ ಫೋಟೊ ತೆಗೆಯುತ್ತ ಆಚೆ ನಿಂತಿದ್ದ.

"ವಿಮಾನ ಬಿದ್ದಾಗ ಮೊದಲು ಹತ್ತಿರ ಹೋದವರು ಯಾರು, ಸರ್?"

"ನಾನೇ ಮೇಡಂ. ಸೈಕಲ್‌ನಲ್ಲಿ ಹೋದೆ. ಬೆಲ್ಟ್ ಬಿಚ್ಚಿ ಹೊರಗೆ ಎಳ್ದೆ."

"ವಾಲ್ವ್ ನೋಡಿದ್ದು?"

"ಆಮೇಲೆ. ಆಂಬುಲೆನ್ಸ್ ಹೋದ್ಮೇಲೆ. ಕ್ಲೋಸ್ ಆಗಿತ್ತು."

"ಟ್ಯಾಂಕ್‌ನಲ್ಲಿದ್ದ ಎಣ್ಣೆ?"

"ಬೆಂಕಿ ಹತ್ಕೊಂಡ್ರೆ ಅಂತ ಖಾಲಿ ಮಾಡಿ ಒಂದು ಡಬ್ಬಕ್ಕೆ ಸುರಿದಿಟ್ಟಿದೀನಿ. ಸ್ಟೋರ್‌ನಲ್ಲಿದೆ." ಜೇಬು ಮುಟ್ಟಿ ನೋಡಿಕೊಂಡ. "ಅಯ್ಯೋ, ಅದರ ಕೀ ಮನೇಲಿ ಉಳೀತು. ನಾಳೆ ತಂದುಕೊಡ್ಲಾ?"

ಅವನ ಮನೆ ಇಪ್ಪತ್ತು ನಿಮಿಷದ ದಾರಿ. ಜೊತೆಗೆ ಹೋಗಿ ಕೀ ತರಬಹುದಿತ್ತು. ಸ್ಟೋರಿನ ಬಾಗಿಲಿಗೆ ಸೀಲ್ ಹಾಕಬಹುದಿತ್ತು. ಬೇರೆ ಯಾರೇ ಆಗಿದ್ದರೂ ಅವಳು ಹಾಗೆಯೇ ಮಾಡುತ್ತಿದ್ದಳು.

"ಪರವಾಗಿಲ್ಲ ಸರ್, ನಾಳೆ ಬರ್ತೇನೆ" ಎಂದಳು.

ಕಾರಿನಲ್ಲಿ ಸಿಕ್ಸ್‌ಟೆನ್ ಕೇಳಿದ. "ಎಣ್ಣೆ ಡಬ್ಬ?"

"ನಾಳೆ."

ಅವನು ಅವಳನ್ನೊಮ್ಮೆ ನೋಡಿ ಗಾಡಿ ಸ್ಟಾರ್ಟ್ ಮಾಡಿದ. ಅವಳ ಸಮವಸ್ತ್ರದ ಮೇಲೆ ಕೋಡುಬಳೆಯ ಪುಡಿ ಬಿದ್ದಿತ್ತು. ಕೊಡವಿಕೊಂಡಳು.

ಜೂನ್ 19ರ ಬೆಳಿಗ್ಗೆ 10.00ಕ್ಕೆ ಇಬ್ಬರು ಕ್ಲಬ್ ಸದಸ್ಯರ ಸಮಕ್ಷಮ ಮಹಜರು ನಡೆಯಿತು. ಪ್ರಭಾಕರ ಸ್ಟೋರಿನ ಬೀಗ ತೆಗೆದು ಡಬ್ಬ ಕೊಟ್ಟ. ಹನ್ನೆರಡು ಲೀಟರ್ ಹರಳೆಣ್ಣೆ. ಆ ಕಾಲದ ಈ ಎಂಜಿನ್ನಿನ ಸ್ವಭಾವವೇ ವಿಚಿತ್ರ. ಪ್ರೊಪೆಲ್ಲರ್ ಜೊತೆ ಇಡೀ ಎಂಜಿನ್ನೇ ಗಿರ್ರನೆ ತಿರುಗುತ್ತದೆ, ಅದಕ್ಕೆ ಹರಳೆಣ್ಣೆಯನ್ನೇ ಹಾಕಬೇಕು. ಡಬ್ಬಕ್ಕೆ ಮೊಹರು ಹಾಕಿ ಸಹಿ ಪಡೆದರು. ಹಿಂದಿನ ದಿನ ಆ ಡಬ್ಬದಲ್ಲಿ ಏನಿತ್ತು, ಎಷ್ಟಿತ್ತು ಎಂದು ಸಿಕ್ಸ್‌ಟೆನ್ ಜಾಸ್ಮಿನ್‌ಳನ್ನು ಕೇಳಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಠಾಣೆಯಲ್ಲಿ ಜಾಸ್ಮಿನ್ ಮರಿಟ್‌ಳ ಚೀಲ ಬಿಚ್ಚಿ ಪಟ್ಟಿ ಮಾಡಲು ಕೂತಳು. ಒಂದು ಅಂಗಿ, ಒಂದು ಕನ್ನಡಕ, ಕುತ್ತಿಗೆಗೆ ಸುತ್ತುವ ಬಿಳಿ ವಸ್ತ್ರ. ವಸ್ತ್ರದ ತುಂಬ ಎಣ್ಣೆಯ ಚಿಕ್ಕಚಿಕ್ಕ ಕಲೆ. ಆ ಎಂಜಿನ್ ಎಣ್ಣೆಯನ್ನು ಪೈಲಟ್‌ನ ಮುಖಕ್ಕೇ ಎರಚುತ್ತದಂತೆ. ಅದಕ್ಕೇ ಹಿಂದಿನವರು ಕುತ್ತಿಗೆಗೆ ಬಟ್ಟೆ ಸುತ್ತುತ್ತಿದ್ದದ್ದು. ಜಾಸ್ಮಿನ್ ವಸ್ತ್ರವನ್ನು ಮೂಗಿನ ಹತ್ತಿರ ತಂದಳು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅಜ್ಜಿ ಹರಳೆಣ್ಣೆ ಕುಡಿಸುತ್ತಿದ್ದಳು. ಆ ವಾಸನೆ ಜನ್ಮದಲ್ಲಿ ಮರೆಯುವಂಥದ್ದಲ್ಲ. ವಸ್ತ್ರದಲ್ಲಿ ಅದು ಎಲ್ಲೋ ಸ್ವಲ್ಪ ಇತ್ತು. ಉಳಿದದ್ದೆಲ್ಲ ಕಾರ್ ಗ್ಯಾರೇಜಿನ ವಾಸನೆ.

ವಸ್ತ್ರ ಮತ್ತು ಡಬ್ಬದ ಎಣ್ಣೆ, ಎರಡನ್ನೂ ಅಂದೇ ಪ್ರಯೋಗಾಲಯಕ್ಕೆ ಕಳಿಸಿದರು. ನಡುವೆ ಮಿಡ್‌ಸಮ್ಮರ್ ಹಬ್ಬದ ರಜೆ ಬಂತು. ಜೂನ್ 24ರ ಸೋಮವಾರ 13.20ಕ್ಕೆ ವರದಿ ಕೈಸೇರಿತು. ಡಬ್ಬದಲ್ಲಿದ್ದದ್ದು ಶುದ್ಧ ಹರಳೆಣ್ಣೆ. ವಸ್ತ್ರದ ಮೇಲಿದ್ದದ್ದು ಕಾರಿಗೆ ಹಾಕುವ ಸಾದಾ ಎಂಜಿನ್ ಆಯಿಲ್, ಅದರಲ್ಲಿ ತುಸುವೇ ಹರಳೆಣ್ಣೆ. ಪ್ರಯೋಗಾಲಯದವಳು ಫೋನಿನಲ್ಲಿ ವಿವರಿಸಿದಳು. ಆ ಎಂಜಿನ್ನಿನಲ್ಲಿ ಪೆಟ್ರೋಲೂ ಎಣ್ಣೆಯೂ ಒಂದೇ ಜಾಗದಲ್ಲಿ ಹಾದುಹೋಗುತ್ತವೆ. ಹರಳೆಣ್ಣೆ ಪೆಟ್ರೋಲಿನಲ್ಲಿ ಕರಗುವುದಿಲ್ಲ, ಕಾರಿನ ಎಣ್ಣೆ ಕರಗುತ್ತದೆ. ಕೆಲವೇ ನಿಮಿಷದಲ್ಲಿ ಎಂಜಿನ್ನಿನೊಳಗೆ ಜಿಡ್ಡೇ ಉಳಿಯುವುದಿಲ್ಲ.

ಅಂದರೆ ವಾಲ್ವ್ ತೆರೆದೇ ಇತ್ತು, ಎಣ್ಣೆಯೂ ಹರಿದಿತ್ತು. ಎಣ್ಣೆಯೇ ತಪ್ಪು. ಹಾಗಿದ್ದರೆ ವಿಮಾನ ಬಿದ್ದ ಮೇಲೆ ಯಾರೋ ಕೈಹಾಕಿ ವಾಲ್ವ್ ಮುಚ್ಚಿದ್ದಾರೆ. ಮತ್ತು ಡಬ್ಬದಲ್ಲಿದ್ದದ್ದನ್ನು ಯಾರೋ ಬದಲಾಯಿಸಿದ್ದಾರೆ.

ಜಾಸ್ಮಿನ್ ವರದಿಯನ್ನು ಸಿಕ್ಸ್‌ಟೆನ್ ಮುಂದೆ ತಳ್ಳಿದಳು. ಅವನು ಎರಡು ಸಲ ಓದಿದ.

"ಒಂದು ರಾತ್ರಿ ನಾನೇ ಬಿಟ್ಟುಕೊಟ್ಟೆ ಅವನಿಗೆ" ಎಂದಳು.

"ಗೊತ್ತು" ಎಂದ ಸಿಕ್ಸ್‌ಟೆನ್. ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು. ಅವನು ಎದ್ದು ಹೋಗಿ ಹರಳೆಣ್ಣೆ ಮಾರುವ ಅಂಗಡಿಗಳ ಪಟ್ಟಿ ಹುಡುಕಲು ಕೂತ.

ಬೈಕು, ಕಾರ್ಟ್ ರೇಸಿನವರು ಕೂಡ ಈ ಎಣ್ಣೆ ಬಳಸುತ್ತಾರೆ. ನಾಲ್ಕನೇ ಫೋನಿಗೆ ಬೋರೋಸ್ ಊರಿನ ಒಂದು ಅಂಗಡಿಯವನು ನೆನಪು ಮಾಡಿಕೊಂಡ. ಜೂನ್ 19, ಬೆಳಿಗ್ಗೆ 8.05, ಬಾಗಿಲು ತೆರೆಯುವಾಗಲೇ ಒಬ್ಬ ಕಾಯುತ್ತಿದ್ದ. ಒಂದು ಲೀಟರಿನ ಹನ್ನೆರಡು ಬಾಟಲಿ ತಗೊಂಡ. ಪ್ರಭಾಕರನ ಫೋಟೊ ಕಳಿಸಿದಾಗ ಗುರುತು ಹಿಡಿದ.

ವಾಲ್ವ್ ಮುಚ್ಚಿದ ಕೈ ಯಾರದು ಎಂಬುದು ಉಳಿಯಿತು. ಪ್ರದರ್ಶನಕ್ಕೆ ಪ್ರಭಾಕರ ಕನ್ನಡ ಸಂಘದ ನಲವತ್ತು ಮನೆಯವರನ್ನು ಕರೆದಿದ್ದ ಎಂದು ಕ್ಲಬ್ಬಿನವರಿಂದ ತಿಳಿಯಿತು. ಜಾಸ್ಮಿನ್ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಎಲ್ಲರೂ ವಿಮಾನ ನೋಡಿದ್ದರು, ಬಿದ್ದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಹದಿನೇಳನೆಯವಳು ಕೋಕಿಲಾ, ಉಪ್ಸಾಲಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು, ಅಂದು ಗೆಳತಿಯ ಮನೆಗೆ ಬಂದಿದ್ದಳು. ಅವಳೂ ಮೊದಲು ಇಲ್ಲವೆಂದಳು. ಜಾಸ್ಮಿನ್ ಫೋನ್ ಇಡಲಿಲ್ಲ.

"ಮೇಡಂ, ವಿಡಿಯೊ ಇದೆ" ಎಂದಳು ಕೋಕಿಲಾ ಕೊನೆಗೆ. "ಡಿಲೀಟ್ ಮಾಡೋಣ ಅಂತ ಎಷ್ಟೋ ಸಲ ಅನ್ಕೊಂಡೆ. ನಮ್ಮವರು ಅಲ್ವಾ. ನನ್ನಿಂದ ಅಂತ ಗೊತ್ತಾದ್ರೆ ಸಂಘದಲ್ಲಿ ಮುಖ ತೋರ್ಸೋಕಾಗಲ್ಲ."

"ಆ ಪೈಲಟ್‌ಗೆ ಒಂದು ಕಾಲಿಲ್ಲ ಈಗ. ತಪ್ಪೂ ಅವರದೇ ಅಂತ ಪೇಪರ್‌ನಲ್ಲಿ ಬಂದಿದೆ."

"ಓದಿದೀನಿ" ಎಂದಳು ಕೋಕಿಲಾ. "ಕಳಿಸ್ತೀನಿ."

ದೂರದಿಂದ ಹಿಗ್ಗಿಸಿ ತೆಗೆದ ವಿಡಿಯೊ, ಸ್ವಲ್ಪ ನಡುಗುತ್ತಿತ್ತು. ಹೊಲದಲ್ಲಿ ಮೂತಿ ಹೂತ ವಿಮಾನ. ಪ್ರಭಾಕರ ಸೈಕಲ್ ಬಿಸಾಕಿ ಓಡುತ್ತಾನೆ. ಕಾಕ್‌ಪಿಟ್‌ನೊಳಗೆ ಬಗ್ಗುತ್ತಾನೆ. ಭುಜ ಎಡಕ್ಕೆ, ಬಹಳ ಕೆಳಕ್ಕೆ ಹೋಗುತ್ತದೆ. ಎಣ್ಣೆ ವಾಲ್ವ್ ಇರುವುದು ಅಲ್ಲಿ. ಬೆಲ್ಟಿನ ಕೊಂಡಿ ಇರುವುದು ಪೈಲಟ್‌ನ ಹೊಟ್ಟೆಯ ಮೇಲೆ. ನೆಟ್ಟಗಾಗಿ ಜನರ ಕಡೆ ತಿರುಗಿ ನೋಡುತ್ತಾನೆ. ಆಮೇಲೆ ಮತ್ತೆ ಬಗ್ಗಿ ಬೆಲ್ಟ್ ಬಿಚ್ಚುತ್ತಾನೆ. ಸಿಕ್ಸ್‌ಟೆನ್ ಗಡಿಯಾರ ಹಿಡಿದು ಎಣಿಸಿದ. ಮೊದಲ ಬಗ್ಗುವಿಕೆಗೂ ಎರಡನೆಯದಕ್ಕೂ ನಡುವೆ ಹನ್ನೊಂದು ಸೆಕೆಂಡು.

ಜೂನ್ 26, ಬುಧವಾರ, 14.00. ಆಸ್ಪತ್ರೆಯ ಮೂರನೇ ಮಹಡಿ. ತೂರೆ ಹೆಡ್‌ಮನ್ ಕಿಟಕಿ ಪಕ್ಕದ ಗಾಲಿಕುರ್ಚಿಯಲ್ಲಿ ಕೂತಿದ್ದರು. ಉದ್ದನೆಯ ಕೈಗಳು, ಕಾಲಿನ ಮೇಲೆ ಕಂಬಳಿ. ಜಾಸ್ಮಿನ್ ಬಂದ ಕಾರಣ ಹೇಳಿದಳು.

"ನಾನೇ ಮರೆತಿರಬೇಕು" ಎಂದರು.

"ಮರೆತಿಲ್ಲ. ಎಣ್ಣೆ ಹರೀತಿತ್ತು ಅಂತ ನಿಮ್ಮ ಮಗಳ ವಿಡಿಯೊದಲ್ಲಿದೆ. ನೀವೇ ತಟ್ಟಿ ನೋಡಿದೀರಿ."

ಅವರು ಕಾಲಿನ ಮೇಲಿನ ಕಂಬಳಿ ಸರಿಮಾಡಿಕೊಂಡರು.

"ಪ್ರಭಾಕರ್ ನಿಮಗೆ ಎಷ್ಟು ದಿನದಿಂದ ಗೊತ್ತು?"

"ಏಳು ವರ್ಷ. ಆ ಎಂಜಿನ್ನನ್ನ ನಾವಿಬ್ಬರೇ ಬಿಚ್ಚಿ ಜೋಡಿಸಿದ್ದು. ಎರಡು ಚಳಿಗಾಲ ಹಿಡೀತು. ಅವನ ಹಾಗೆ ಕೆಲಸ ಮಾಡೋನು ಕ್ಲಬ್ಬಲ್ಲಿ ಇನ್ನೊಬ್ಬ ಇಲ್ಲ."

"ವಿಮಾನ ಬಿದ್ದಾಗ ನಿಮಗೆ ಎಚ್ಚರ ಇತ್ತಾ?"

"ಇತ್ತು."

"ಅವರು ಬಂದಾಗ?"

ಕಿಟಕಿಯಾಚೆ ಬಸ್ಸೊಂದು ನಿಂತು ಹೊರಟಿತು. ತೂರೆ ಅದು ಮರೆಯಾಗುವ ತನಕ ನೋಡಿದರು.

"ಅವನ ಕೈ ಬಂತು. ಬೆಲ್ಟ್ ಬಿಚ್ಚೋಕೆ ಬಂತು ಅಂದ್ಕೊಂಡೆ" ಎಂದರು. "ಅದು ನನ್ನ ದಾಟಿ ಕೆಳಗೆ ಹೋಯ್ತು. ವಾಲ್ವ್ ತಿರುಗಿದ ಸದ್ದು ಕೇಳ್ತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳೋದು?" ಎಂದರು ತೂರೆ. "ಅವನು ಅಂಥದ್ದು ಮಾಡಿದ ಅಂತ ಹೇಳೋಕೆ ನನಗೇ ನಾಚಿಕೆ ಆಯ್ತು. ಮುದುಕ ಮರೆತ ಅನ್ನೋದು ಅದಕ್ಕಿಂತ ಸುಲಭ."

ಅಂದು ಸಂಜೆ ಸರ್ಕಾರಿ ವಕೀಲೆಯಿಂದ ಬಂಧನದ ಆದೇಶ ಬಂತು. ಜೂನ್ 27, ಗುರುವಾರ, ಬೆಳಿಗ್ಗೆ 7.15ಕ್ಕೆ ಪ್ರಭಾಕರನ ಹೆಂಡತಿ ಸರಸ್ವತಿ ಬಾಗಿಲು ತೆರೆದಳು. ಸಮವಸ್ತ್ರ ನೋಡಿ ಒಳಗೆ ತಿರುಗಿ, "ರೀ, ಬಂದಿದಾರೆ" ಎಂದಳು. ಹತ್ತೊಂಬತ್ತು ದಿನದಿಂದ ಆ ಮನೆ ಕಾಯುತ್ತಿತ್ತು ಎಂದು ಜಾಸ್ಮಿನ್‌ಗೆ ಆಗ ಗೊತ್ತಾಯಿತು. ಪ್ರಭಾಕರ ಸ್ನಾನ ಮಾಡಿ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಸರಸ್ವತಿ ಅವನ ಬಿಪಿ ಮಾತ್ರೆಯ ಪಟ್ಟಿಯನ್ನು ಜಾಸ್ಮಿನ್ ಕೈಗೆ ಕೊಟ್ಟಳು, ಅವನ ಮುಖ ನೋಡಲಿಲ್ಲ.

ವಿಚಾರಣೆ 9.30ಕ್ಕೆ ಶುರುವಾಯಿತು. ವಕೀಲ ಪಕ್ಕದಲ್ಲಿ ಕೂತಿದ್ದ. ಸಿಕ್ಸ್‌ಟೆನ್ ರೆಕಾರ್ಡರ್ ಒತ್ತಿದ.

"ಯಾವ ಭಾಷೆಯಲ್ಲಿ ಹೇಳಿಕೆ ಕೊಡ್ತೀರಿ?" ಎಂದು ಜಾಸ್ಮಿನ್ ಕನ್ನಡದಲ್ಲಿ ಕೇಳಿದಳು. ಕೇಳಲೇಬೇಕಾದ ಪ್ರಶ್ನೆ.

"ಕನ್ನಡದಲ್ಲಿ ಬೇಡ ಮೇಡಂ" ಎಂದ ಪ್ರಭಾಕರ. ದನಿ ತಗ್ಗಿತ್ತು. "ದಯವಿಟ್ಟು. ಸ್ವೀಡಿಷ್‌ನಲ್ಲೇ ಕೇಳಿ."

ಸ್ವೀಡಿಷ್‌ನಲ್ಲಿ ಅವನು ಎಲ್ಲವನ್ನೂ ಹೇಳಿದ, ಯಂತ್ರದ ಕೈಪಿಡಿ ಓದುವವನ ಹಾಗೆ, ಒಂದಾದ ಮೇಲೊಂದು. ಹರಳೆಣ್ಣೆ ತರಿಸುವುದು ಅವನ ಜವಾಬ್ದಾರಿ. ಪ್ರದರ್ಶನದ ಮುಂಚಿನ ಬುಧವಾರ ಕ್ಲಬ್ಬಿನ ಸಭೆಯಲ್ಲಿ ಎಲ್ಲ ಸಿದ್ಧವಾಗಿದೆ ಎಂದಿದ್ದ. ತರಿಸಿದ್ದೇನೆ ಎಂದೇ ನಂಬಿದ್ದ. ಶುಕ್ರವಾರ ಸಂಜೆ ಸ್ಟೋರಿನಲ್ಲಿ ನೋಡಿದರೆ ಡಬ್ಬದ ತಳದಲ್ಲಿ ಒಂದು ಲೋಟದಷ್ಟಿತ್ತು. ಅಂಗಡಿಗಳು ಮುಚ್ಚಿದ್ದವು, ಶನಿವಾರ ತೆರೆಯುತ್ತಿರಲಿಲ್ಲ. ಕಾರಿನ ಎಣ್ಣೆ ಸುರಿದು, ವಾಸನೆಗೆಂದು ಆ ಲೋಟದ ಹರಳೆಣ್ಣೆಯನ್ನು ಬೆರೆಸಿದ. ಎಂಜಿನ್ ಎಂಟು ನಿಮಿಷ ತಡೆಯುತ್ತದೆ ಎಂದು ಲೆಕ್ಕ ಹಾಕಿದ. ತೂರೆಗೆ ಒಂದೇ ಸುತ್ತು ಹೊಡೆದು ಇಳಿಯಲು ಹೇಳಿದ. ಕೆಳಗೆ ಮಕ್ಕಳು ಕೈಬೀಸುತ್ತಿದ್ದರು, ತೂರೆ ಇನ್ನೊಂದು ಸುತ್ತು ಹೋದರು.

"ಎಣ್ಣೆ ಇಲ್ಲ ಅಂತ ಹೇಳಿದ್ದರೆ ಏನಾಗ್ತಿತ್ತು?" ಎಂದು ಸಿಕ್ಸ್‌ಟೆನ್ ಕೇಳಿದ.

"ಮುಂದಿನ ವಾರ ಹಾರಿಸ್ತಿದ್ದರು."

"ನಿನ್ನನ್ನ ಕ್ಲಬ್‌ನಿಂದ ತೆಗೀತಿದ್ದರಾ?"

"ಇಲ್ಲ. ತೂರೆ ನಕ್ಕು ಕಾಫಿ ಮಾಡ್ತಿದ್ದ."

ಕೊನೆಯ ಪ್ರಶ್ನೆಯನ್ನು ಜಾಸ್ಮಿನ್ ಕೇಳಿದಳು. ವಿಮಾನದ ಹತ್ತಿರ ಹೋದಾಗ, ಬೆಲ್ಟ್ ಬಿಚ್ಚುವ ಮುಂಚೆ ವಾಲ್ವ್ ಯಾಕೆ ಮುಚ್ಚಿದಿರಿ?

ಪ್ರಭಾಕರನ ಕಣ್ಣು ಮೇಜಿನ ಅಂಚಿನಲ್ಲಿತ್ತು. ಉತ್ತರ ಬಂದದ್ದು ಕನ್ನಡದಲ್ಲಿ, ಬೇಡವೆಂದವನಿಗೇ ಗೊತ್ತಾಗದ ಹಾಗೆ.

"ನಮ್ ಜನ ಎಲ್ಲಾ ನಿಂತಿದ್ರು ಮೇಡಂ. ನಾನೇ ಕರ್ದಿದ್ದೆ. ಮರ್ಯಾದೆ ಹೋಗುತ್ತೆ ಅನ್ನಿಸ್ತು. ಅವನು ಉಸಿರಾಡ್ತಿದಾನಾ ಅಂತ ಕೂಡ ನೋಡ್ಲಿಲ್ಲ ನಾನು."

11.05ಕ್ಕೆ ವಿಚಾರಣೆ ಮುಗಿಯಿತು. ಆ ಮಾತನ್ನು ಜಾಸ್ಮಿನ್ ಸ್ವೀಡಿಷ್‌ಗೆ ಬರೆಯಬೇಕಿತ್ತು. ಮರ್ಯಾದೆ ಎಂಬಲ್ಲಿ ಮೂರು ಪದ ಹಾಕಿ ಮೂರನ್ನೂ ಹೊಡೆದುಹಾಕಿದಳು. ಕೊನೆಗೆ ಆ ಪದವನ್ನೇ ಹಾಗೇ ಉಳಿಸಿ ಕೆಳಗೆ ಟಿಪ್ಪಣಿ ಬರೆದಳು. ಸರ್ಕಾರಿ ವಕೀಲೆ ಅದನ್ನೋದಿ ಫೋನ್ ಮಾಡಿದಳು.

"ಎಣ್ಣೆ ತರಿಸೋಕೆ ಮರೆತೆ ಅಂದಿದ್ರೆ ಯಾರೂ ಏನೂ ಮಾಡ್ತಿರಲಿಲ್ಲ ಅಂತ ಅವನೇ ಹೇಳಿದಾನೆ. ಮತ್ತೆ ಅಷ್ಟು ಹೆದರಿದ್ದು ಯಾರಿಗೆ?"

ಜಾಸ್ಮಿನ್‌ಗೆ ಒಂದು ಉತ್ತರ ಗೊತ್ತಿತ್ತು, ಆದರೆ ಅದು ಕಡತಕ್ಕೆ ಸೇರುವಂಥದ್ದಲ್ಲ. ಪರವೂರಿನಲ್ಲಿ ಹನ್ನೊಂದು ವರ್ಷ ಒಂದೂ ತಪ್ಪು ಮಾಡದೆ ಬದುಕಿದವನಿಗೆ ಮೊದಲ ತಪ್ಪನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಯಾರಿಗೂ ಅಲ್ಲ" ಎಂದಳು. "ಇನ್ನೊಂದು ಪುಟ ಕಳಿಸ್ತೀನಿ. ನನ್ನ ಬಗ್ಗೆ."

ಫೋನಿಟ್ಟು ಹೊಸ ಹಾಳೆ ತೆರೆದಳು. ಜೂನ್ 18, 11.30, ಹ್ಯಾಂಗರ್ ಎಂದು ಶುರುಮಾಡಿ, ಸಾಕ್ಷ್ಯವನ್ನು ಅಂದೇ ವಶಪಡಿಸಿಕೊಳ್ಳದಿದ್ದದ್ದು ನನ್ನ ತಪ್ಪು ಎಂದು ಬರೆದಳು. ಕಾರಣ ಎಂಬ ಅಂಕಣದಲ್ಲಿ ತುಸು ಹೊತ್ತು ಬೆರಳು ನಿಂತಿತು. ಕೆಲಸದ ಒತ್ತಡ ಎಂದು ಹಾಕಿದರೆ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಆರೋಪಿ ನನ್ನ ಭಾಷೆಯಲ್ಲಿ ಮಾತಾಡಿದ, ನನಗೆ ಹಿತವಾಯಿತು, ಎಂದು ಬರೆದು ಸಹಿ ಹಾಕಿ ಸಿಕ್ಸ್‌ಟೆನ್‌ಗೆ ಕೊಟ್ಟಳು. ಅವನು ಓದಿದ. ಸಾಕ್ಷಿಯ ಜಾಗದಲ್ಲಿ ತನ್ನ ಹೆಸರು ಬರೆದು, ಕಡತದ ಮೊದಲ ಹಾಳೆಯ ಹಿಂದೆ ಸೇರಿಸಿದ.